ಎಂಟು ಬೆರಳಿನ ಎಣಿಕೆ

ನಮ್ಮ ಮನೆಯಲ್ಲಿ ಗಂಡು ಮಗುವಿಗೆ ಎಂಟು ವರ್ಷ ತುಂಬಿದ ದಿನ ಎರಡೂ ಕಿರುಬೆರಳುಗಳನ್ನು ಮಡಚಿ ಅಂಗೈಗೆ ದಾರದಿಂದ ಕಟ್ಟುತ್ತಿದ್ದರು. ಮೂರು ತಿಂಗಳು ಹಾಗೇ ಇರಬೇಕು. ಉಣ್ಣುವುದು, ಆಡುವುದು, ಅಂಗಿಯ ಗುಂಡಿ ಹಾಕಿಕೊಳ್ಳುವುದು ಎಲ್ಲವೂ ಉಳಿದ ಎಂಟು ಬೆರಳಿನಲ್ಲೇ. ಅಣ್ಣನಿಗೆ ಕಟ್ಟಿದಾಗ ನನಗೆ ಆರು ವರ್ಷ. ಅವನು ಲೋಟ ಹಿಡಿಯಲಾರದೆ ಹಾಲು ಚೆಲ್ಲಿಕೊಂಡರೆ ನಾನು ಕಿಸಕ್ಕನೆ ನಗುತ್ತಿದ್ದೆ. ಅಮ್ಮ ನನ್ನ ತಲೆಗೆ ಮೊಟಕಿ, “ನಗಬೇಡ ಸುಮ್ನಿರು, ಅವನು ವಿದ್ಯೆ ಕಲೀತಿದಾನೆ” ಎನ್ನುತ್ತಿದ್ದಳು.

ನಮ್ಮದು ಬಂಡೆ ಒಡೆಯುವ ಮನೆತನ. ಮುತ್ತಜ್ಜ ಮದ್ದು ತುಂಬುವಾಗ ಎರಡು ಕಿರುಬೆರಳು ಕಳೆದುಕೊಂಡನಂತೆ. ಓದು ಬರಹ ಇಲ್ಲದ ಮನುಷ್ಯ, ಉಳಿದ ಎಂಟರಲ್ಲೇ ಎಣಿಸಿದ. ಎಂಟು ಮುಗಿದರೆ ಎಡಗಡೆ ಒಂದು ಕಲ್ಲು ಇಟ್ಟು ಮತ್ತೆ ಮೊದಲಿಂದ. ಅಂಥ ಎಂಟು ಕಲ್ಲು ಕೂಡಿದರೆ ಅವನ್ನೆಲ್ಲ ತೆಗೆದು ಇನ್ನೂ ಎಡಕ್ಕೆ ಒಂದೇ ಒಂದು ಕಲ್ಲು. ಅಜ್ಜನ ಕಾಲಕ್ಕೆ ಮನೆಗೆ ಅಂಕಿ ಬಂತು, ಎಣಿಕೆ ಮಾತ್ರ ಬದಲಾಗಲಿಲ್ಲ. ಏಳಾದ ಮೇಲೆ ನಮ್ಮವರು ಒಂದು ಬರೆದು ಪಕ್ಕಕ್ಕೆ ಸೊನ್ನೆ ಹಾಕುತ್ತಾರೆ. ಅದನ್ನು ಹತ್ತು ಎನ್ನುವುದಿಲ್ಲ, ‘ಒಂದು ಸುತ್ತು’ ಎನ್ನುತ್ತಾರೆ. ಅದು ಎಂಟು. ಎಂಟು ಸುತ್ತಾದರೆ ಒಂದರ ಪಕ್ಕ ಎರಡು ಸೊನ್ನೆ, ‘ಒಂದು ಕಟ್ಟು’. ಊರಿನ ಕಣ್ಣಿಗೆ ಅದು ನೂರು. ನಮ್ಮ ಮನೆಯಲ್ಲಿ ಅರವತ್ತನಾಲ್ಕು.

ಇದರಲ್ಲಿ ತಪ್ಪೇನೂ ಇಲ್ಲ. ಎಂಟರಲ್ಲಿ ಎಣಿಸಿದರೂ ಹತ್ತರಲ್ಲಿ ಎಣಿಸಿದರೂ ಗುಡ್ಡೆಯಲ್ಲಿರುವ ಕಲ್ಲು ಅಷ್ಟೇ. ತಪ್ಪಿದ್ದದ್ದು ಮುಚ್ಚಿಡುವುದರಲ್ಲಿ. ಎಣಿಕೆ ಮನೆಯ ಗಂಡಸರಿಗೆ ಮಾತ್ರ. ಕೂಲಿಯವರಿಗೆ ಕೊಡುವಂತಿಲ್ಲ, ಹೆಂಗಸರಿಗಂತೂ ಮಾತೇ ಇಲ್ಲ. “ಹೆಂಗಸಿನ ಬಾಯಿಗೆ ಎಣಿಕೆ ಬಿದ್ರೆ ಬಂಡೆಗೆ ಕೇಳ್ಸತ್ತೆ. ಆಮೇಲೆ ಅದು ಹೇಳಿದ ಹೊತ್ತಿಗೆ ಸಿಡಿಯಲ್ಲ” ಎಂದು ಒಂದಂಕಿಯೂ ಗೊತ್ತಿಲ್ಲದ ನಮ್ಮಜ್ಜಿಯೇ ಹೆಮ್ಮೆಯಿಂದ ಹೇಳುತ್ತಿದ್ದಳು. ಬಂಡೆಗೆ ಕಿವಿ ಎಲ್ಲಿದೆ ಎಂದು ಯಾರೂ ಕೇಳಲಿಲ್ಲ.

ಅಣ್ಣ ಜಗಲಿಯಲ್ಲಿ ಕಲ್ಲು ಜೋಡಿಸುವಾಗ ನಾನು ಬಾಗಿಲ ಸಂದಿಯಲ್ಲಿ ನಿಂತು ಕದ್ದು ಕಲಿತೆ. ಮರುವರ್ಷ ಶಾಲೆಯಲ್ಲಿ ಮೇಡಂ “ಏಳಾದ ಮೇಲೆ ಬರಿ” ಎಂದಾಗ ಹತ್ತು ಬರೆದಿಟ್ಟೆ. ತರಗತಿಯೇ ಬಿದ್ದು ಬಿದ್ದು ನಕ್ಕಿತು. ಮೇಡಂ ನಗಲಿಲ್ಲ. “ಇದು ಯಾವ ಮನೆ ಲೆಕ್ಕವೇ?” ಎಂದು ಪಕ್ಕಕ್ಕೆ ಕರೆದು ಕೂರಿಸಿಕೊಂಡರು. ಅಂಕಿಗೆ ತನ್ನದೇ ಬೆಲೆ ಒಂದು, ಕೂತ ಜಾಗದ ಬೆಲೆ ಇನ್ನೊಂದು. ಬಲಗಡೆಯ ಜಾಗ ಎಷ್ಟಕ್ಕೆ ತುಂಬುತ್ತದೋ ಅದರ ಮೇಲೆ ಎಡಗಡೆಯ ಜಾಗದ ಬೆಲೆ ನಿಲ್ಲುತ್ತದೆ ಎಂದು ಬಿಡಿಸಿ ಹೇಳಿದರು. ನನಗೆ ಸ್ವರ್ಗಕ್ಕೆ ಮೂರೇ ಗೇಣು. ಮನೆಗೆ ಓಡಿಬಂದು ಅಮ್ಮನಿಗೆ ಹೇಳಿದೆ. ಅಮ್ಮನ ಮುಖ ಬಿಳಿಚಿಕೊಂಡಿತು. ಅಣ್ಣನನ್ನು ಕರೆದು ನಿಲ್ಲಿಸಿ, ಅವನ ತಲೆಯ ಮೇಲೆ ನನ್ನ ಕೈ ಇಡಿಸಿ ಆಣೆ ಮಾಡಿಸಿದಳು. ಅಂದಿನಿಂದ ನನ್ನ ಬಾಯಿಗೆ ಬೀಗ.

ದೊಡ್ಡವಳಾಗಿ ನಾನೇ ಅದೇ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಲೆಕ್ಕ ಹೇಳಲು ಸೇರಿದೆ. ಬೀದಿಯ ಮಕ್ಕಳಿಗೆಲ್ಲ ಬಿಡಿ, ಹತ್ತು, ನೂರು ಎಂದು ಸ್ಥಾನಬೆಲೆ ಕಲಿಸಿ ಮನೆಗೆ ಬಂದು ಏನೂ ಗೊತ್ತಿಲ್ಲದವಳಂತೆ ಪಾತ್ರೆ ತೊಳೆಯುತ್ತಿದ್ದೆ. ಈಗ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಅಷ್ಟರಲ್ಲಿ ಅತ್ತಿಗೆ ಬಂದಳು. ಕಂಡದ್ದನ್ನೆಲ್ಲ ಎಣಿಸುವ ಹುಡುಗಿ. ಬಂದ ಮೂರನೇ ದಿನವೇ “ಹಿತ್ತಲ ಬಾವಿಗೆ ನಲವತ್ತೆರಡು ಹೆಜ್ಜೆ, ಕೊಡ ತುಂಬಿದ್ರೆ ನಲವತ್ತೊಂಬತ್ತು” ಎಂದು ವರದಿ ಒಪ್ಪಿಸಿದಳು. ನಾನು ಅವಳಿಗೆ ಲೆಕ್ಕದಮ್ಮ ಎಂದು ಹೆಸರಿಟ್ಟೆ. ಹಾಗೆ ಕರೆದರೆ “ಫೀಸು ಕೊಡು, ಇನ್ನೂ ಹೇಳ್ತೀನಿ” ಎಂದು ಕಣ್ಣು ಮಿಟುಕಿಸುತ್ತಿದ್ದಳು. ಅಣ್ಣನೂ ಅವಳೆದುರು ಬಾಯಿ ಬಿಟ್ಟು ನಗಲು ಕಲಿತಿದ್ದ.

ಕ್ವಾರಿ ಮನೆಯಿಂದ ಗುಡ್ಡದ ಆಚೆ ಇತ್ತು. ಸಿಡಿತ ಮುಗಿದ ಮೇಲೆ ಬುತ್ತಿ ಒಯ್ಯುವುದು ಹೆಂಗಸರ ಕೆಲಸ. ಕ್ವಾರಿಯ ಬಾಯಲ್ಲಿ ಒಂದು ಕರಿ ಹಲಗೆ. ಅಣ್ಣ ಮದ್ದಿನ ಬತ್ತಿಗೆ ಬೆಂಕಿ ಇಟ್ಟು ಕೈ ಎತ್ತಿದೊಡನೆ ಅಪ್ಪ ಸೀಟಿ ಊದುತ್ತಿದ್ದ. ಸೀಟಿಯಿಂದ ಎಷ್ಟು ಎಣಿಕೆಗೆ ಸಿಡಿಯುತ್ತದೆ ಎಂದು ಆ ಹಲಗೆಯ ಮೇಲೆ ಮೊದಲೇ ಬರೆದಿರುತ್ತಿತ್ತು. ಬತ್ತಿ ಉದ್ದವಾದರೆ ಎಣಿಕೆ ಹೆಚ್ಚು, ಚಿಕ್ಕದಾದರೆ ಕಡಿಮೆ. ಕೂಲಿಯವರು ಸೀಟಿ ಕೇಳಿದರೆ ಓಡುತ್ತಿದ್ದರು, ಅಷ್ಟೇ. ಬುತ್ತಿ ಒಯ್ದಾಗ ಅತ್ತಿಗೆ ಅಳಿಸದೆ ಉಳಿದ ಅಂಕಿಗಳನ್ನು ನೋಡುತ್ತಿದ್ದಳು. ನಾಲ್ಕು ತಿಂಗಳು ನೋಡಿ, ಒಂದು ಮಧ್ಯಾಹ್ನ ಊಟ ಬಡಿಸುತ್ತಾ ಕೇಳಿಯೇಬಿಟ್ಟಳು.

“ಮಾವ, ಹಲಗೆ ಮೇಲೆ ಎಂಟು, ಒಂಬತ್ತು ಯಾವತ್ತೂ ಬರಲ್ವಲ್ಲ, ಯಾಕೆ? ಒಂದು ದಿನಾನೂ ನೋಡಿಲ್ಲ ನಾನು.”

ಅಪ್ಪನ ತುತ್ತು ಅಲ್ಲೇ ನಿಂತಿತು. ಅಣ್ಣ ತಟ್ಟೆಯಲ್ಲಿ ಏನನ್ನೋ ಹುಡುಕತೊಡಗಿದ. ಹೇಳಿಬಿಡಿ ಅಪ್ಪ, ಈಗಲಾದರೂ ಹೇಳಿಬಿಡಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

“ಎಂಟು ಒಂಬತ್ತು ನಮ್ಮ ಮನೆಗೆ ಆಗಿಬರಲ್ಲ,” ಎಂದ ಅಪ್ಪ. “ಅದಕ್ಕೇ ಆ ಅಂಕಿ ಬರೋ ಹಾಗೆ ಬತ್ತಿ ಕತ್ತರಿಸಲ್ಲ. ಸಾರು ಹಾಕು.”

ಅತ್ತಿಗೆ ಅಡುಗೆಮನೆಗೆ ಬಂದು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. “ಅಷ್ಟು ದೊಡ್ಡ ಬಂಡೆಗೆ ಹೆದರದೆ ಇರೋರು ಒಂಬತ್ತಕ್ಕೆ ಹೆದರ್ತಾರಾ? ನಿಜವೇನೇ ಇದು?”

“ಹೌದು ಅತ್ತಿಗೆ,” ಎಂದೆ ನಾನು.

ಓದುಗರೇ, ಈ ಎರಡು ಪದ ಹೇಳಿದವಳು ನಾನು. ಉಳಿದದ್ದನ್ನೆಲ್ಲ ಬೇರೆಯವರ ತಲೆಗೆ ಕಟ್ಟಬಹುದು, ಇದನ್ನು ಕಟ್ಟಲಾರೆ.

ಅಂದು ಸಂಜೆ ಮನಸ್ಸು ತಡೆಯದೆ ಅಪ್ಪನ ಹತ್ತಿರ ಹೋದೆ. ಅವನು ಜಗಲಿಯಲ್ಲಿ ಕೂತು ಉಳಿಯ ಬಾಯಿ ಮಸೆಯುತ್ತಿದ್ದ.

“ಅಪ್ಪ, ಅತ್ತಿಗೆಗೆ ನಿಜ ಹೇಳಿ. ದಿನಾ ಕ್ವಾರಿಗೆ ಹೋಗ್ತಾಳೆ.”

“ಯಾವ ನಿಜ?” ಅಪ್ಪ ತಲೆ ಎತ್ತಿ ನನ್ನನ್ನೇ ನೋಡಿದ. ನನಗೆ ಗೊತ್ತಿದೆ ಎಂಬುದು ಅವನಿಗೆ ಆಗ ಗೊತ್ತಾಯಿತು. “ಓಹೋ. ಕಳ್ಳಬೆಕ್ಕು ಮನೇಲೇ ಇತ್ತು ಅನ್ನು.”

“ಅಂಕಿ ಎಲ್ಲರಿಗೂ ಒಂದೇ ಥರ ಕಾಣತ್ತಪ್ಪ. ಅದೇ ಅಪಾಯ. ನಮ್ಮ ಎಣಿಕೆ ಬೇಡ ಅಂತಿಲ್ಲ ನಾನು. ಪಕ್ಕದಲ್ಲಿ ಊರೋರ ಲೆಕ್ಕದಲ್ಲೂ ಬರೀರಿ. ಇಲ್ಲ ಒಂದು ಗುರುತಾದ್ರೂ ಹಾಕಿ. ಗೊತ್ತಿಲ್ಲದೋರು ಅರವತ್ತನಾಲ್ಕನ್ನ ನೂರು ಅಂದ್ಕೊಂಡ್ರೆ?”

“ಗೊತ್ತಿಲ್ಲದೋರು ಹಲಗೆ ಯಾಕೆ ನೋಡ್ಬೇಕು? ಮೂರು ತಲೆಮಾರು ಯಾರಾದ್ರೂ ಸತ್ತಿದಾರಾ? ಇವತ್ತು ಸೊಸೆಗೆ ಹೇಳು, ನಾಳೆ ಅವಳು ತವರಿಗೆ ಹೇಳಲಿ, ನಾಡಿದ್ದು ದಾರಿಲಿ ಹೋಗೋರೆಲ್ಲ ಬತ್ತಿ ಕತ್ತರಿಸಲಿ. ಆಮೇಲೆ ನಾವೇನು ಮಣ್ಣು ತಿನ್ನೋದಾ?” ಅವನು ಮತ್ತೆ ಉಳಿಯ ಕಡೆ ತಿರುಗಿದ. “ನಿನ್ನಣ್ಣನ ತಲೆ ಮುಟ್ಟಿದೀಯಂತಲ್ಲ, ನಿಮ್ಮಮ್ಮ ಯಾವತ್ತೋ ಹೇಳಿದ್ಲು, ಯಾತಕ್ಕೆ ಅಂತ ಈಗ ಗೊತ್ತಾಯ್ತು. ಅವನು ದಿನಾ ಮದ್ದಿನ ಮುಂದೆ ಕೂರ್ತಾನೆ, ನೆನಪಿರಲಿ.”

ಹತ್ತು ವರ್ಷ ಪಾಠ ಹೇಳಿದವಳು ನಾನು. ಆಣೆಗೂ ಬತ್ತಿಗೂ ಸಂಬಂಧವಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಅಣ್ಣನ ಮುಖ ಕಣ್ಣ ಮುಂದೆ ಬಂದು, ಎದ್ದು ಒಳಗೆ ಹೋದೆ.

ಇಪ್ಪತ್ತು ದಿನ ಕಳೆಯಿತು. ಶಾಲೆಗೆ ರಜೆ. ಕ್ವಾರಿಯಲ್ಲಿ ಕಲ್ಲು ಕೆತ್ತುವ ಒಬ್ಬ ಮುದುಕನಿದ್ದ. ಕಿವಿ ಪೂರಾ ಹೋಗಿತ್ತು, ಬೆನ್ನು ಬಾಗಿತ್ತು, ಎಲ್ಲರೂ ಕೆಪ್ಪತಾತ ಎನ್ನುತ್ತಿದ್ದರು. ಎದುರಿನವರ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಿದ್ದ. ಸೀಟಿ ಆದಾಗ ಪಕ್ಕದಲ್ಲಿದ್ದವರು ಯಾರಾದರೂ ಭುಜ ತಟ್ಟಿ ಎಬ್ಬಿಸಿಕೊಂಡು ಹೋಗುತ್ತಿದ್ದರು. ಎರಡು ದಿನದಿಂದ ಜ್ವರವಿದ್ದರೂ ಕೆಲಸಕ್ಕೆ ಬರುತ್ತಿದ್ದ. ಬುತ್ತಿಯ ಹೊತ್ತಿನವರೆಗೆ ಕಾಯುವುದು ಬೇಡವೆಂದು ಅತ್ತಿಗೆ ಗಂಜಿ ಮಾಡಿಕೊಂಡು ಬೆಳಿಗ್ಗೆಯೇ ಹೊರಟಳು. ನೀರಿನ ಕೊಡ ಹಿಡಿದು ನಾನೂ ಹೋದೆ.

ಹಲಗೆಯ ಹತ್ತಿರ ಬರುವುದಕ್ಕೂ ಸೀಟಿ ಊದುವುದಕ್ಕೂ ಸರಿಹೋಯಿತು. ಕೂಲಿಯವರೆಲ್ಲ ಆಚೆ ದಿಬ್ಬದ ಕಡೆ ಓಡಿದರು. ಒಳಗೆ ಒಬ್ಬ ಉಳಿದಿದ್ದ. ದೊಡ್ಡ ಚಪ್ಪಡಿಯ ಮರೆಯಲ್ಲಿ ಕೆಪ್ಪತಾತ, ನಮಗೆ ಬೆನ್ನು ಹಾಕಿ, ಟಕ್ ಟಕ್ ಎಂದು ಕೆತ್ತುತ್ತಲೇ ಇದ್ದ. ಮೇಲೆ ಮರೆಯಲ್ಲಿದ್ದ ಅಪ್ಪನಿಗಾಗಲಿ ಅಣ್ಣನಿಗಾಗಲಿ ಅವನು ಕಾಣುತ್ತಿರಲಿಲ್ಲ.

ಅತ್ತಿಗೆ ಹಲಗೆ ನೋಡಿದಳು. ಒಂದು, ಎರಡು ಸೊನ್ನೆ.

“ನೂರಿದೆ,” ಎಂದಳು. “ಹೋಗೋಕೆ ಮೂವತ್ತೈದು, ತಾತನ್ನ ಕರ್ಕೊಂಡು ಬರೋಕೆ ನಲವತ್ತೈದು. ಇನ್ನೂ ಇಪ್ಪತ್ತು ಮಿಗತ್ತೆ.” ಗಂಜಿಯ ಪಾತ್ರೆಯನ್ನು ನನ್ನ ಕಾಲ ಬಳಿ ಇಟ್ಟು ಸೆರಗು ಸಿಕ್ಕಿಸಿ ಓಡಿದಳು.

ಲೆಕ್ಕ ಎಲ್ಲೂ ತಪ್ಪಿರಲಿಲ್ಲ. ನಾನು ಬಾಯಿ ತೆರೆದೆ. ದನಿ ಬರಲಿಲ್ಲ. ಇಪ್ಪತ್ತೆರಡು ವರ್ಷ ಅದುಮಿಟ್ಟ ಮಾತು ಗಂಟಲಿನಿಂದ ಮೇಲೇರಲು ಹದಿನೈದು ಎಣಿಕೆಯಷ್ಟು ಹೊತ್ತು ಹಿಡಿಯಿತು. ಆಮೇಲೆ ಗಂಟಲು ಹರಿಯುವಂತೆ ಕೂಗಿದೆ. “ಅತ್ತಿಗೇ, ಅದು ನೂರಲ್ಲ! ಅರವತ್ತನಾಲ್ಕು! ಬಂದ್ಬಿಡೇ!” ಅಷ್ಟು ದೂರದಿಂದ ಅವಳಿಗೆ ಕೇಳಿಸಿದ್ದು ನನ್ನ ಗಾಬರಿ ಮಾತ್ರ. ತಿರುಗಿ, ಹೆದರಬೇಡ, ಹೊತ್ತಿದೆ ಎನ್ನುವಂತೆ ಕೈ ಬೀಸಿದಳು. ತಾತನ ಭುಜ ಹಿಡಿದೆಬ್ಬಿಸಿದಳು. ಅವನ ಎರಡೂ ಕೈ ಹಿಡಿದು, ಅವನಿಗೆ ಮುಖ ಕೊಟ್ಟುಕೊಂಡೇ ಹಿಂದೆ ಹಿಂದೆ ನಡೆಯುತ್ತ ಬರತೊಡಗಿದಳು. ಅರ್ಧ ದಾರಿಗೆ ಬಂದಿದ್ದರು, ಬಂಡೆ ಸಿಡಿಯಿತು.

ಬಾಗಿದ ಮುದುಕನ ತಲೆಯ ಮೇಲಿಂದ ಹಾರಿದ ಕಲ್ಲು ಅವಳಿಗೆ ಬಡಿಯಿತು. ಅವನ ಹೆಗಲು ಮುರಿಯಿತು, ಜೀವ ಉಳಿಯಿತು. ಅವಳದು ಅಲ್ಲೇ ಹೋಯಿತು.

ವಿಚಾರಣೆಗೆ ಒಬ್ಬ ಅಧಿಕಾರಿ ಬಂದರು. ಕೆಟ್ಟವರಲ್ಲ. ನಮ್ಮ ಜಗಲಿಯಲ್ಲಿ ಕೂತು ಎಲ್ಲರ ಮಾತನ್ನೂ ಬರೆದುಕೊಂಡರು. ಹಲಗೆಯಲ್ಲಿ ಎಷ್ಟು ಬರೆದಿತ್ತು ಎಂದಾಗ ಅಪ್ಪ, “ಒಂದು, ಎರಡು ಸೊನ್ನೆ. ನೀವೇ ನೋಡಿದೀರಲ್ಲ ಸ್ವಾಮಿ, ಅಳಿಸಿಲ್ಲ” ಎಂದ. ಅದರಲ್ಲಿ ಸುಳ್ಳೊಂದೂ ಇರಲಿಲ್ಲ.

ಹೆಗಲಿಗೆ ಪಟ್ಟಿ ಕಟ್ಟಿಕೊಂಡು ಬಂದ ಕೆಪ್ಪತಾತ ಕಿವುಡರ ದೊಡ್ಡ ದನಿಯಲ್ಲಿ ಹೇಳಿದ. “ಮಗಳು ಎಣಿಸ್ತಾ ಇದ್ಲು ಸ್ವಾಮಿ. ನನ್ನ ಮುಖ ನೋಡ್ಕೊಂಡೇ ಎಣಿಸಿದ್ಲು, ನಂಗೆ ಧೈರ್ಯ ಬರ್ಲಿ ಅಂತ. ತುಟಿ ನೋಡ್ತಿದ್ದೆ. ಅರವತ್ತೆರಡು ಅಂದ್ಲು. ಅರವತ್ಮೂರು ಅಂದ್ಲು. ಅರವತ್ನಾಲ್ಕು ಅನ್ನೋಕೆ ಬಾಯಿ ತೆಗೆದ್ಲು, ಅಷ್ಟೇ.” ಮುದುಕ ಮಗುವಿನಂತೆ ಅತ್ತ.

ಅಧಿಕಾರಿ ಲೇಖನಿ ಕೆಳಗಿಟ್ಟರು. “ಇವರಿಗೆ ಕಿವಿ ಕೇಳಲ್ಲ, ಜ್ವರ ಬೇರೆ ಇತ್ತು...” ಎಂದು ನನ್ನ ಕಡೆ ನೋಡಿದರು.

ಆಗ ನಾನು ಎಲ್ಲರೆದುರೇ ಆಣೆ ಮುರಿದೆ. ಅಂಗಳದಿಂದ ಒಂದು ಮಡಿಲು ಕಲ್ಲು ತಂದು ಅವರ ಎದುರು ಸುರಿದು, ಒಂದನೇ ತರಗತಿಯ ಮಕ್ಕಳಿಗೆ ತೋರಿಸುವಂತೆ ತೋರಿಸಿದೆ. ಎಂಟಕ್ಕೆ ಒಂದು ಸುತ್ತು. ಎಂಟು ಸುತ್ತಿಗೆ ಒಂದು ಕಟ್ಟು. ಅಂಕಿ ಅದೇ, ಜಾಗ ಅದೇ, ಜಾಗದ ಬೆಲೆ ಬೇರೆ. ಅವರು ಮುಂದಕ್ಕೆ ಬಾಗಿ ತಾವೇ ಕಲ್ಲು ಎಣಿಸಿದರು. ಅರ್ಥವಾಗುತ್ತಿದೆ ಎಂದು ಅವರ ಹುಬ್ಬಿನಲ್ಲೇ ಗೊತ್ತಾಗುತ್ತಿತ್ತು. ನನಗೆ ಆ ದಿನಗಳಲ್ಲಿ ಮೊದಲ ಸಲ ಉಸಿರು ಬಂತು.

“ಈ ಮನೆ ಎಣಿಕೆ ಹೀಗೇ ಅಂತ ಇನ್ನೊಬ್ರು ಹೇಳ್ಬೇಕಲ್ಲಮ್ಮ,” ಎಂದರು. ಕಂಬಕ್ಕೊರಗಿ ನಿಂತಿದ್ದ ಅಣ್ಣನ ಕಡೆ ತಿರುಗಿದರು. “ಬತ್ತಿ ಹಚ್ಚಿದ್ದು ನೀವು. ಸತ್ತದ್ದು ನಿಮ್ಮ ಹೆಂಡತಿ. ಹೇಳಿ, ಹಲಗೆ ಮೇಲಿದ್ದದ್ದು ಎಷ್ಟು?”

ಅಣ್ಣ ಅಪ್ಪನನ್ನು ನೋಡಿದ. ನೆಲಕ್ಕೆ ಸುರಿದ ಕಲ್ಲುಗಳನ್ನು ನೋಡಿದ. ಅವನ ಕಣ್ಣಿನಿಂದ ನೀರು ಇಳಿಯುತ್ತಲೇ ಇತ್ತು.

“ನೂರು,” ಎಂದ.

ಹಲಗೆಯ ಆ ಅಂಕಿಗೆ ಆ ಹೆಸರನ್ನು ಅವನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಹಲಗೆ ಬರೆದವನು ಅವನು. ಬರೆದಾಗ ಮನಸ್ಸಿನಲ್ಲಿ ‘ಒಂದು ಕಟ್ಟು’ ಎಂದುಕೊಂಡಿದ್ದವನು ಅವನು. ಅಧಿಕಾರಿ ನಿಟ್ಟುಸಿರಿಟ್ಟು ಬರೆದುಕೊಂಡರು. ಹೊರಬರಲು ನೂರು ಎಣಿಕೆಯ ಕಾಲಾವಕಾಶವಿತ್ತು, ಬತ್ತಿ ಬೇಗ ಉರಿದಿರಬಹುದು, ಸೀಟಿ ಕೇಳಿಯೂ ಒಳಗೆ ನುಗ್ಗಿದ್ದು ಮೃತಳ ಅಜಾಗರೂಕತೆ. ಲೆಕ್ಕದಮ್ಮನ ಹೆಸರಿನ ಪಕ್ಕದಲ್ಲಿ ಅಜಾಗರೂಕತೆ!

ಅಮ್ಮ ಆಣೆ ಮುರಿದವಳೆಂದು ನನ್ನೊಡನೆ ಮಾತು ಬಿಟ್ಟಳು. ಅಣ್ಣ ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಹಲಗೆಗೆ ಹೊಸ ಕಪ್ಪು ಬಣ್ಣ ಬಳಿದರು. ವರ್ಷ ತುಂಬುವುದರೊಳಗೆ ಅಣ್ಣನಿಗೆ ಮತ್ತೆ ಹೆಣ್ಣು ತಂದರು. ಹತ್ತೊಂಬತ್ತರ ಹುಡುಗಿ, ಮಾತು ಕಡಿಮೆ, ನೆಲ ನೋಡಿ ನಡೆಯುವವಳು.

ಬಂದ ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಅವಳೊಬ್ಬಳೇ ಇದ್ದಳು. ನಾನು ಎದುರು ಕೂತು ನೆಲದ ಮೇಲೆ ಹುಣಸೆಬೀಜ ಹರವಿದೆ.

“ನೋಡಮ್ಮ, ಇದು ನಿನ್ನ ಜೀವದ ಮಾತು. ನಮ್ಮನೇಲಿ ಏಳಾದ ಮೇಲೆ...”

ಹುಡುಗಿ ಧಡಕ್ಕನೆ ಎದ್ದು ಗೋಡೆಗೆ ಒತ್ತಿಕೊಂಡಳು. “ಬೇಡ! ಅತ್ತೆ ಮೊದ್ಲೇ ಹೇಳಿದಾರೆ. ನೀವು ಎಣಿಕೆ ಬಾಯಿಗೆ ತಂದಿದ್ದಕ್ಕೇ ಅವರು ಸತ್ತಿದ್ದಂತೆ. ಬಂಡೆಗೆ ಕೇಳಿಸ್ತಂತೆ. ನಂಗೆ ಹೇಳ್ಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ.”

ಎರಡೂ ಕಿವಿ ಮುಚ್ಚಿ, ಕಣ್ಣು ಬಿಗಿದುಕೊಂಡು ನಿಂತಳು. ನಡುಮನೆಯಿಂದ ಅಮ್ಮನ ಹೆಜ್ಜೆಯ ಸಪ್ಪಳ ಹತ್ತಿರವಾಗುತ್ತಿತ್ತು. ನಾನು ಒಂದೊಂದೇ ಬೀಜ ಎಡಕ್ಕೆ ಸರಿಸುತ್ತಾ, ಜೋರಾಗಿ, ಮೊದಲಿಂದ ಹೇಳತೊಡಗಿದೆ.