ಬಿಲದ ದಾರಿ

ತೋಳ ನೋಡುವುದಕ್ಕೆ ಪೋಲೆಂಡಿನಿಂದ ಇಷ್ಟು ದೂರ ಬರಬೇಕೇ, ಅದೂ ಐದು ವರ್ಷದ ಮಗಳನ್ನು ಸೊಂಟಕ್ಕೆ ಕಟ್ಟಿಕೊಂಡು? ವಿಜ್ಞಾನಿ ಮಾರ್ತಾ ಮೇಡಂ ಧರ್ಮಪುರದ ಆಚೆಯ ನಮ್ಮ ಕುರಿಗಾರರ ಹಟ್ಟಿಗೆ ಬಂದಿಳಿದ ದಿನ ನಾನು ಹೀಗೆಯೇ ಗೊಣಗಿದ್ದೆ. ಮಗಳು ಲೆನಾ ಮಾತ್ರ ಚಳಿಗಾಲ ಮುಗಿಯುವಷ್ಟರಲ್ಲಿ ನಮ್ಮವಳೇ ಆಗಿಬಿಟ್ಟಳು. ತಾಯಿಯ ಹಿಂದೆ ಗುಡ್ಡ ಸುತ್ತಿ ಬರುವಳು, ನನ್ನ ಮಗ್ಗುಲಲ್ಲಿ ಕೂತು ಮುದ್ದೆ ನುಂಗುವಳು, ಅಜ್ಜಿ ಎನ್ನುವಳು. ತಾಯಿ ಸತ್ತ ಕುರಿಮರಿಯೊಂದಕ್ಕೆ ಬಾಟಲಿ ಹಾಲು ಕುಡಿಸಿ ಸಾಕಿದ್ದಳು.

ಒಂದು ಬೆಳಗ್ಗೆ ಆ ಮರಿಯನ್ನು ತೋಳ ಹೊತ್ತೊಯ್ದಿತು. ಮೇಡಂ ಹಿರಿಯೂರಿಗೆ ಹೋಗಿದ್ದರು. ಅತ್ತು ಸುಸ್ತಾದ ಮಗು ನನ್ನ ಗಂಡ ಓಬಣ್ಣನ ಕೈ ಹಿಡಿದೆಳೆಯಿತು.

"ತಾತ, ತೋಳದ ಮನೆ ನಂಗೊತ್ತು. ಅದ್ರ ಮರಿಗಳೂ ಅಲ್ಲೇ ಅವೆ. ನನ್ ಮರಿ ತಂದ್ಕೊಡು ಬಾ."

ಆ ಬಿಲವನ್ನು ಮೇಡಂ ಯಾರಿಗೂ ತೋರಿಸಿರಲಿಲ್ಲ. ಕುರಿ ಕಳೆದುಕೊಂಡವರ ಸಿಟ್ಟು ಅವರಿಗೆ ಗೊತ್ತಿತ್ತು. ಆದರೆ ಜೊತೆಯಲ್ಲೇ ತಿರುಗುವ ಮಗಳಿಂದ ಏನನ್ನು ಮುಚ್ಚಿಡಲಾಗುತ್ತದೆ?

ದಾರಿ ತೋರಿಸಿದ ಮಗುವನ್ನು ಮನೆಗೆ ಬಿಟ್ಟು, ಮರಿ ತರುತ್ತೇನೆಂದು ಹೇಳಿ ಓಬಣ್ಣ ಮತ್ತೆ ಹೋದ. ಮಧ್ಯಾಹ್ನ ಬರಿಗೈಯಲ್ಲಿ ಬಂದ. ಕಂಬಳಿಯೆಲ್ಲ ಹೊಗೆಯ ನಾತ. ನನಗೆ ಮೈ ಉರಿದುಹೋಯಿತು.

"ಬಿಲಕ್ಕೆ ಹೊಗೆ ಹಾಕಿ ಬಂದ್ಯಾ? ಒಳಗೆ ಮರಿ ಇದ್ವಲ್ಲ, ನಿನ್ ಕೈ ಸೇದೋಗ!"

"ನಮ್ಮವು ಹೋಗಿದ್ದೆಷ್ಟು? ಅವು ಮರಿ ಅಲ್ವಾ?" ಎಂದು ಮುಖ ತಿರುಗಿಸಿದ.

ಮೇಡಂ ಬಂದೊಡನೆ ವಿಷಯ ನಾನೇ ಹೇಳಿದೆ. ಮಗುವನ್ನು ಪಕ್ಕದ ಮನೆಯ ಗಂಗಕ್ಕನ ಬಳಿ ಬಿಟ್ಟು ಇಬ್ಬರೂ ಓಡಿದೆವು. ಬಿಲದ ಬಾಯಿಗೆ ಜಡಿದಿದ್ದ ಕಲ್ಲುಗಳನ್ನು ಕಿತ್ತೆವು. ಮರಿಗಳು ಒಂದರ ಮೇಲೊಂದು ಸತ್ತು ಬಿದ್ದಿದ್ದವು. ಮೇಡಂ ಒಂದೊಂದನ್ನೂ ಮಡಿಲಿಗೆ ತೆಗೆದುಕೊಂಡು ಬಿಕ್ಕಿದರು. ತೋಳಕ್ಕೆಂದು ಎಂದೂ ಅಳದ ನಾನೂ ಅತ್ತೆ.

"ಲೆನಾಗೆ ಹೇಳಬೇಡಿ, ಅಮ್ಮ," ಎಂದರು, ಕಲಿತ ಕನ್ನಡದಲ್ಲಿ. "ನನ್ನಿಂದಲೇ ಸತ್ತವು ಅಂದುಕೊಂಡು ಅವಳು ಬೆಳೆಯಬಾರದು. ಸುಳ್ಳು ಹೇಳಲು ನನಗೆ ಬಾಯಿ ಬರುವುದಿಲ್ಲ. ನೀವೇ ಏನಾದರೂ ಹೇಳಿ."

ಹಟ್ಟಿಗೆ ಬರುವಾಗ ಹೊತ್ತು ಮುಳುಗುತ್ತಿತ್ತು. ಮಗು ಬಾಗಿಲಲ್ಲೇ ಕಾಯುತ್ತಿತ್ತು. ತಲೆ ಸವರಿ ಹೇಳಿದೆ:

"ನಿನ್ ಕುರಿಮರಿ ಸಿಗ್ಲಿಲ್ಲ ಕಣವ್ವ. ತೋಳ ತನ್ ಮರಿಗಳ್ನೆಲ್ಲ ಕರ್ಕಂಡು ಬ್ಯಾರೆ ಗುಡ್ಡಕ್ಕೆ ಹೋಗೈತೆ."

ಮಗು ಕಣ್ಣೊರೆಸಿಕೊಂಡಿತು, ನಂಬಿತು. ಅಷ್ಟರಲ್ಲಿ ಬಿಲವಿದ್ದ ಕಡೆಯಿಂದ ತೋಳದ ಕೂಗು ಕೇಳಿತು. ನಿಂತು ಮತ್ತೆ ಕೂಗಿತು. ಮೇಡಂ ಮಗಳನ್ನು ಎದೆಗವುಚಿಕೊಂಡು ಕಿವಿ ಮುಚ್ಚಲು ನೋಡಿದರು. ಮಗು ಆ ಕೈ ಸರಿಸಿ ನನ್ನ ಮುಖವನ್ನೇ ನೋಡಿತು.

"ಮರಿ ಎಲ್ಲ ಜೊತೆಗೇ ಅವೆ ಅಂದ್ಯಲ್ಲ ಅಜ್ಜಿ. ಮತ್ಯಾರನ್ನ ಕರೀತಾ ಐತೆ?"