ಒಂದು ಗಿರಾಕಿ ಬಾಕಿ

ಯುಗಾದಿ ದಾಟಿ ಹದಿನೈದು ದಿನವಾಗಿತ್ತು. ಹೊಳೆ ಸಣ್ಣಗಾಗಿತ್ತು. ಕಮತಗಿ ಸುತ್ತಲಿನ ಹೊಲಗಳಲ್ಲಿ ಕರೆಂಟು ಬಂದಾಗೆಲ್ಲ ಪಂಪಿನ ಮೋಟಾರುಗಳು ಬಿಡುವಿಲ್ಲದೆ ತಿರುಗಿ, ಒಂದೊಂದಾಗಿ ಸುಡುತ್ತಿದ್ದವು. ಹನಮವ್ವ ಬೆಳಗಿನ ರೊಟ್ಟಿ ಮುಗಿಸಿ ಕಟ್ಟೆಯ ಮೇಲೆ ರಾಟಿ ಹಿಡಿದು ಕೂತಿದ್ದಳು. ಮಾಲಕರ ಮಗ್ಗಕ್ಕೆ ಸೀರೆಯ ನೂಲನ್ನು ಲಾಳಿಯ ಸಣ್ಣ ಕೊಳವೆಗೆ, ಅಂದರೆ ಕಂಡಿಕೆಗೆ, ಸುತ್ತಿಕೊಡುವುದು ಅವಳ ಕೆಲಸ. ಕೈ ರಾಟಿಯ ಮೇಲಿದ್ದರೂ ಕಣ್ಣು ಎದುರುಮನೆಯ ತಗಡಿನ ಬೋರ್ಡಿನ ಮೇಲೆ: ‘ಜೋಹರಾ ಮೋಟಾರ್ ವೈಂಡಿಂಗ್’.

ಹನ್ನೆರಡು ವರ್ಷ ಇಬ್ಬರೂ ಇದೇ ಕಟ್ಟೆಯ ಮೇಲೆ ಕೂತು ಕಂಡಿಕೆ ಸುತ್ತಿದವರು. ಜೋಹರಾಳ ನೂಲು ದಿನಕ್ಕೆ ಹತ್ತು ಸಲ ಹರಿಯುತ್ತಿತ್ತು. ಗಂಟು ಹಾಕಿಕೊಡುತ್ತಿದ್ದವಳು ಹನಮವ್ವ. ಗಂಡ ತೀರಿಕೊಂಡ ಮೇಲೆ ಆ ಕೂಲಿಯಲ್ಲಿ ಮಗಳ ಸಾಲೆ ನಡೆಸುವುದು ಜೋಹರಾಳಿಂದ ಆಗಲಿಲ್ಲ. ಹೋದ ವರ್ಷ ಊರಿನ ಮಹಿಳಾ ಸಂಘದ ವಿದ್ಯಾ ಬಂದು, ಬಾಗಲಕೋಟೆಯಲ್ಲಿ ಹೆಣ್ಣುಮಕ್ಕಳಿಗೆ ಮೋಟಾರ್ ರಿಪೇರಿ ಕಲಿಸುತ್ತಾರೆ, ಬರುತ್ತೀರಾ ಎಂದು ಇಬ್ಬರನ್ನೂ ಕೇಳಿದ್ದಳು. ಹನಮವ್ವ ಬಿದ್ದು ಬಿದ್ದು ನಕ್ಕಳು. ಜೋಹರಾ ಹೋದಳು.

ಈಗ ರೈತರು ಜೋಹರಾಳ ಬಾಗಿಲಲ್ಲಿ ಕಾಯುತ್ತಿದ್ದರು. “ಯಾವಾಗ ಬರ್ಲಿ ಅಕ್ಕಾರ?” ಎಂದು ಕೇಳುತ್ತಿದ್ದರು. ಆ ‘ಅಕ್ಕಾರ’ ಕಿವಿಗೆ ಬಿದ್ದಾಗಲೆಲ್ಲ ಹನಮವ್ವನ ಹೊಟ್ಟೆಯಲ್ಲಿ ಖಾರ ಅರೆದಂತಾಗುತ್ತಿತ್ತು.

ಆ ಸೋಮವಾರ ರೈತ ಕಲ್ಲೇಶ ಬೈಕಿನ ಹಿಂದೆ ಸುಟ್ಟ ಮೋಟಾರು ಕಟ್ಟಿಕೊಂಡು ಬಂದು ನಿಂತ.

“ಯಕ್ಕಾ, ಜೋಹರಾ ಅವ್ರ ಮನಿ ಇದ ಹೌದಲ್ರಿ? ಬಾಗಲಾ ಹಾಕೇತಿ.”

ಜೋಹರಾ ನಳದ ನೀರಿಗೆ ಹೋಗಿದ್ದಳು. ಈಗಲೋ ಆಗಲೋ ಬರುವವಳು. ಹನಮವ್ವನಿಗೆ ಅದು ಗೊತ್ತಿತ್ತು.

“ಆಕಿ ಊರಾಗಿಲ್ರಿ. ಬಾಗಲಕೋಟಿಗೆ ಹೋಗ್ಯಾಳ. ಬರೂದು ಇನ್ನ ನಾಕ್ ದಿನ.”

ಬೈಕು ತಿರುಗಿತು. ಹನಮವ್ವನಿಗೆ ಒಂದು ಗಳಿಗೆ ತಂಪೆನಿಸಿತು. ಆಮೇಲೆ ದಿನವೆಲ್ಲ ಅವಳ ನೂಲೇ ಹರಿಯತೊಡಗಿತು.

ಮೂರು ದಿನ ಬಿಟ್ಟು ಮಧ್ಯಾಹ್ನ ಜೋಹರಾ ಕಟ್ಟೆಗೆ ಬಂದಳು. ಹನಮವ್ವನ ಗಂಡ ದುರಗಪ್ಪ ಮಗ್ಗದಿಂದ ಬಂದು ಊಟಕ್ಕೆ ಕೂತಿದ್ದ.

“ಹನಮಕ್ಕಾ, ಸೋಮಾರ ನಾ ಎಲ್ಲಿದ್ದೆ?”

ಹನಮವ್ವ ರಾಟಿ ನಿಲ್ಲಿಸಲಿಲ್ಲ.

“ಕಲ್ಲೇಶ ಸಿಕ್ಕಿದ್ದ. ಮೋಟಾರ್ ಬ್ಯಾರೆ ಕಡೆ ಕೊಟ್ಟಾನಂತ, ಇನ್ನೂ ಆಗಿಲ್ಲಂತ. ಮೆಣಸಿನ ಗಿಡ ಬಾಡಾಕತ್ತಾವಂತ.”

“ಹೌದವಾ, ಸುಳ್ಳ ಹೇಳೀನಿ!” ರಾಟಿ ನಿಂತಿತು. “ನಿನ್ನ ನೂಲಿಗೆ ಗಂಟ ಹಾಕಿದಾಕಿ ನಾನು. ಈಗ ನೀ ಅಕ್ಕಾರ, ನಾ ಇದ ಕಟ್ಟಿಮ್ಯಾಲೆ ಕಂಡಿಕಿ ಸುತ್ತಾಕಿ. ಹೊಟ್ಟಿ ಉರೀತೈತಿ, ಏನ್ ಮಾಡ್ಲಿ?”



ಜೋಹರಾ ರಾಟಿಯ ಮೇಲಿದ್ದ ಹನಮವ್ವನ ಕೈ ನೋಡಿದಳು. ಬಳಿಕ ಮನೆಗೆ ಹೋಗಿ, ತಾಮ್ರದ ತಂತಿ ಸುತ್ತುವ ಸಣ್ಣ ಕೈಯಂತ್ರ ತಂದು ಮುಂದಿಟ್ಟಳು.

“ಅರವತ್ತ ಸುತ್ತ ಹಾಕು.”

“ಇದೂ ರಾಟೀನ ಬಿಡು,” ಎಂದು ಹನಮವ್ವ ಸಿಟ್ಟಿನಲ್ಲೇ ಹಿಡಿಕೆ ತಿರುಗಿಸಿದಳು. ಒಂದರ ಮೇಲೊಂದು ಏರದೆ ತಂತಿ ಸಾಲಾಗಿ ಕೂತಿತು. ಜೋಹರಾ ಎಣಿಸಿದಳು. ಸರಿಯಾಗಿ ಅರವತ್ತು.

“ನನಗ ಹಿಂಗ ಸುತ್ತೂದು ಕಲ್ಯಾಕ ಎಂಟ್ ದಿನ ಹಿಡದಿತ್ತು,” ಎಂದಳು. ಈಗ ಅವಳ ದನಿಯಲ್ಲೂ ಒಂದಿಷ್ಟು ಹೊಟ್ಟೆಕಿಚ್ಚಿತ್ತು. “ನೀನೂ ಕಲ್ಯಾಕ ಹೋಗು.”

“ಕರೆಂಟ್ ಹೊಡದ್ರ?” ಎಂದಳು ಹನಮವ್ವ.

“ಕರೆಂಟ್ ತಗದು, ಟೆಸ್ಟರ್ ಹಚ್ಚಿ ನೋಡೇ ಮುಟ್ಟಬೇಕು. ಮೊದಲನೇ ದಿನಾನ ಕಲಸ್ತಾರ.”

“ನಾ ಓದಿದ್ದು ಏಳನೇ ಕ್ಲಾಸ.”

“ನಾನೂ ಅಷ್ಟ. ಫೀನೂ ಇಲ್ಲ. ಊಟ, ಇರೂದು ಎಲ್ಲಾ ಅವರದ. ಒಂದ್ ತಿಂಗಳು.”

“ಒಂದ್ ತಿಂಗಳು ನನಗ ರೊಟ್ಟಿ ಯಾರ ಬಡೀತಾರ?” ಎಂದ ದುರಗಪ್ಪ.

“ಸೀರಿ ನೇಯೋ ಕೈಗೆ ರೊಟ್ಟಿ ಬಡ್ಯಾಕ ಏನಾಗೇತ್ರಿ, ಅಣ್ಣಾರ?”

ಹನಮವ್ವನಿಗೆ ನಗುವೂ ಬಂತು, ಕಣ್ಣೀರೂ ಬಂತು. “ನಿನ್ನ ಗಿರಾಕಿ ಕಳದೀನಲ್ಲ ಜೋಹರಾ…”

“ಬಾಕಿ ಇರ್ಲಿ. ಕಲ್ತ ಬಂದು ತೀರಸು.”

ದೀಪಾವಳಿ ಹೊತ್ತಿಗೆ, ಕಲಿತು ಬಂದ ಹನಮವ್ವನ ಕಟ್ಟೆಯ ಮೇಲೂ ಬೋರ್ಡು ಏರಿತು. ದುರಗಪ್ಪನ ರೊಟ್ಟಿ ಇನ್ನೂ ದುಂಡಗಾಗಿರಲಿಲ್ಲ. ಮೊದಲ ದಿನ ಮೊದಲು ಬಂದು ನಿಂತ ಬೈಕು ಅದೇ ಕಲ್ಲೇಶನದು. ಹನಮವ್ವ ಮೋಟಾರನ್ನು ನೋಡಿದಳು. ಕೈ ತುರಿಸಿತು. ಆದರೂ ಎದುರುಮನೆಗೆ ಬೆರಳು ತೋರಿಸಿದಳು.

“ಆಕಿ ಮನ್ಯಾಗ ಅದಾಳ. ಅಲ್ಲಿಗೆ ಹೋಗ್ರಿ.”

“ಈ ಸಲಾನರ ಖರೆ ಹೇಳ್ತೀರೇನ್ರಿ ಯಕ್ಕಾ?”

ಎದುರುಮನೆಯಿಂದ ಜೋಹರಾ ನಗುತ್ತ ಹೊರಬಂದಳು. “ಬಾಕಿ ತೀರಿತು, ಹನಮಕ್ಕಾ. ಇನ್ನ ಬರಾವ್ರು ನಿನ್ನವ್ರು!”

ಅಕ್ಕಾರ, ತಂಗ್ಯಾರ, ಬಾಜೂ ಮನಿಯಾಕಿ ಒಂದು ಕೆಲಸಾ ಕಲ್ತು ತನ್ನ ಕಾಲ ಮ್ಯಾಲೆ ನಿಂತ್ರ ನಮ್ಮ ಹೊಟ್ಟಿ ಉರಿಯೂದು ಹೊಸದಲ್ಲ. ಆದ್ರ ಉರಕೊಂತ ಕಟ್ಟಿಮ್ಯಾಲೆ ಕುಂಡ್ರಬ್ಯಾಡ್ರಿ. ಎದ್ದು ಹೋಗಿ ಆಕಿ ಬಾಗಲಾ ಬಡೀರಿ, “ಎಲ್ಲಿ ಕಲ್ತಿ?” ಅಂತ ಕೇಳ್ರಿ. ನಿಮ್ಮ ಸಂಘದಾಗ, ಪಂಚಾಯ್ತ್ಯಾಗ ವಿಚಾರಸ್ರಿ. ಹೆಣ್ಣುಮಕ್ಕಳಿಗೆ ಫೀ ಇಲ್ಲದ ಕಲಸೋ ತರಬೇತಿ ಅದಾವ. ನಿಮ್ಮ ಕೈಗೆ ಯಾವ ಕೆಲಸಾ ಒಗ್ತೈತಿ ಅಂತ ಒಂದ್ ಸಲ ಹಿಡದು ನೋಡ್ರಿ.