ಇಸ್ಪೀಟ್ ಬೋರಣ್ಣನ ನೋ ಸಾರ್

ಹೊಂಗನೂರಿನಲ್ಲಿ ಬೈರಮ್ಮ ಎಂದರೆ ಯಾವ ಬೈರಮ್ಮ ಎನ್ನುತ್ತಾರೆ. ಇಸ್ಪೀಟ್ ಬೋರಣ್ಣನ ಹೆಂಡತಿ ಎಂದರೆ ಬಸ್ ಕಂಡಕ್ಟರಿಗೂ ಗೊತ್ತು. ಹನ್ನೆರಡು ವರ್ಷದ ಹಿಂದೆ ನನ್ನ ಗಂಡ ಬೋರಲಿಂಗಯ್ಯ ಹುಣಸೆ ತೋಪಿನಲ್ಲಿ ಇಸ್ಪೀಟಾಡಿ ಪೊಲೀಸರ ಕೈಗೆ ಸಿಕ್ಕಿಬಿದ್ದ. ಕೋರ್ಟಿನಲ್ಲಿ ಕೈಮುಗಿದು ತಪ್ಪೊಪ್ಪಿಕೊಂಡ, ದಂಡ ಕಟ್ಟಿದ, ಮನೆಗೆ ಬಂದು ಮುದ್ದೆ ಉಂಡ. ಮಾನ ಹೋಗಿದ್ದು ನನ್ನದು.

ಅದಕ್ಕೇ ಮಗಳು ನವ್ಯಶ್ರೀ ನಮ್ಮಿಬ್ಬರಿಗೆ ಬಾಲಿ ದ್ವೀಪಕ್ಕೆ ಟಿಕೆಟ್ ಮಾಡಿಸಿದಾಗ ನಾನು ಕುಣಿದಾಡಿಬಿಟ್ಟೆ. ಹತ್ತು ದಿನ! ಇಸ್ಪೀಟ್ ಎಂದು ಕೂಗುವ ಒಂದು ನರಪಿಳ್ಳೆಯೂ ಇಲ್ಲದ ಕಡೆ ಗಂಡನ ಪಕ್ಕ ತಲೆಯೆತ್ತಿಕೊಂಡು ಓಡಾಡಬೇಕು. ನಾನು ಕೇಳಿದ್ದು ಅಷ್ಟೇ.

ದಾರಿಯಲ್ಲಿ ಕೌಲಾಲಂಪುರದಲ್ಲಿ ಎರಡು ದಿನ ಇಳಿಯಬೇಕಿತ್ತು.

"ಅಲ್ಲಿ ವೀಸಾನೇ ಬ್ಯಾಡ ಅಕ್ಕಾ," ಎಂದ ಚನ್ನಪಟ್ಟಣದ ಟಿಕೆಟ್ ಅಂಗಡಿಯ ಆಫ್ತಾಬ್.

"ಇವರ ಮ್ಯಾಲೆ ಕೇಸಾಗಿತ್ತಲ್ಲಪ್ಪ?"

"ಕೇಳುದ್ರೆ ಇದ್ದುದ್ ಇದ್ದಂಗೆ ಹೇಳ್ಬುಡಿ. ಸುಳ್ಳೇಳಿ ಸಿಕ್ಕಾಕೊಂಡ್ರೆ ವಾಪಸ್ ಕಳುಸ್ತಾರೆ."

ಇದ್ದದ್ದು ಹೇಳಿಕೊಳ್ಳಲು ವಿಮಾನ ಹತ್ತಬೇಕೇ? ಊರೆಲ್ಲ ಪುಕ್ಕಟೆ ಹೇಳುತ್ತಲೇ ಇದೆ. ನಾನು ಒಂದು ತಿಂಗಳು ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತಲೇ ಈ ಮನುಷ್ಯನಿಗೆ ಪಾಠ ಮಾಡಿದೆ. "ಕೇಸೈತಾ?" ಎಂದರೆ "ನೋ ಸಾರ್." "ಜೈಲಿಗೆ ಹೋಗಿದ್ಯಾ?" "ನೋ ಸಾರ್." ಕೊನೆಗೆ ನಿದ್ದೆಯಲ್ಲೂ ಅದನ್ನೇ ಗೊಣಗುತ್ತಿದ್ದ.

ಕೌಲಾಲಂಪುರದ ಕೌಂಟರಿನಲ್ಲಿ ಯೂನಿಫಾರ್ಮ್ ಹಾಕಿದ ಅಧಿಕಾರಿಯನ್ನು ಕಂಡದ್ದೇ ಇವನು ಕೋರ್ಟಿನಲ್ಲಿ ನಿಂತಂತೆ ಕೈಮುಗಿದು ನಿಂತ. ಅಧಿಕಾರಿ ನನ್ನತ್ತ ಬೆರಳು ತೋರಿಸಿ ಕೇಳಿದ.

"ವೈಫ್?"

"ನೋ ಸಾರ್."

"ಹೋಟೆಲ್ ಬುಕಿಂಗ್?"

"ನೋ ಸಾರ್."

"ರಿಟರ್ನ್ ಟಿಕೆಟ್?"

"ನೋ ಸಾರ್!"

"ಅಯ್ಯೋ ನಿನ್ ಬಾಯಿಗ್ ಮಣ್ಣಾಕ! ಎಸ್ ಅನ್ನಯ್ಯ!"

"ನೀನು ಎಸ್ ಕಲುಸ್ನೇ ಇಲ್ವಲ್ಲಮ್ಮಿ," ಎಂದ.

ನಮ್ಮಿಬ್ಬರನ್ನೂ ಒಂದು ಕೋಣೆಯಲ್ಲಿ ಕೂರಿಸಿದರು. ತಮಿಳು ಮಾತಾಡುವ ಒಬ್ಬ ಅಧಿಕಾರಿಣಿ ಬಂದಳು. ನಮಗೂ ಒಸಿ ತಮಿಳು ಬರುತ್ತದೆ. ಕಟ್ಟಿಕೊಂಡವಳನ್ನೇ ಯಾಕೆ ಇಲ್ಲ ಎಂದಿರಿ ಎಂದು ಅವಳು ಕೇಳಿದಾಗ ನನಗೆ ತಡೆಯಲಾಗಲಿಲ್ಲ. ಹತ್ತು ದಿನವೂ ಇಲ್ಲ, ಬಾಲಿಯೂ ಇಲ್ಲ, ಇಲ್ಲಿಂದಲೇ ವಾಪಸ್ ಎಂದುಕೊಂಡು ಗೊಳೋ ಎಂದು ಅತ್ತು, ಕೇಸು ಮುಚ್ಚಿಡಲು ನಾನೇ ಕಲಿಸಿಕೊಟ್ಟೆ ಎಂದು ಒಪ್ಪಿಕೊಂಡೆ.

"ಏನು ಕೇಸು?" ಎಂದಳು.

ಈ ಮನುಷ್ಯ ತಲೆ ಕೆರೆದುಕೊಂಡ. "ತಾಯಿ, ಇದು ನಮ್ಮ ಸೀಮೆ ಅಲ್ಲ ತಾನೆ?"

"ಅಲ್ಲ," ಎಂದು ಅವಳು ನಕ್ಕಳು.

"ಹಂಗಾರೆ ಹೇಳ್ಬೋದು. ನಾನು ಇಸ್ಪೀಟ್ ಎಲೆ ಮುಟ್ಟೇ ಇಲ್ಲ. ಆಡ್ತಿದ್ದೋನು ಇವಳ ತಮ್ಮ ಅಶೋಕ. ಮಾರನೇ ದಿನ ಅವನ ಮದ್ವೆ. ಉಣ್ಣಾಕೆ ಕರ್ಯಾನ ಅಂತ ಹೋದ್ರೆ ಪೊಲೀಸ್ನೋರು ಬಂದ್ಬುಟ್ರು. ಅವನ್ನ ಓಡ್ಸಿ, ಅವನ ಜಾಗ್ದಲ್ಲಿ ನಾನು ಕುಂತ್ಕಂಡೆ. ನಮ್ಮ ಸೀಮೇಲಿ ಯಾರಿಗೂ ಹೇಳ್ಕೂಡ್ದು ಅಂತ ಅವನು ಇವಳ ಮ್ಯಾಲೆ ಆಣೆ ಇಡುಸ್ಕೊಂಡ. ಈಗ ಸೀಮೆ ದಾಟಿದ್ವಲ್ಲ, ಹೇಳುದ್ರೂ ಇವಳಿಗೇನೂ ಆಗಕ್ಕಿಲ್ಲ."

ಹನ್ನೆರಡು ವರ್ಷ ಬೈದಿದ್ದೇನೆ, ಹಬ್ಬದ ದಿನವೂ ಬಿಟ್ಟಿಲ್ಲ. ಅಳು ಬಂತು, ಅಳುವಿಗಿಂತ ಜಾಸ್ತಿ ಸಿಟ್ಟು ಬಂತು.

"ಪಾಪಿ ನನ್ಮಗನೆ! ನಾನು ಬಯ್ಯೋವಾಗ ಒಂದ್ಸಲನಾದ್ರೂ ಕೆಮ್ಮಬಾರ್ದಾಗಿತ್ತಾ?"

"ಬುಡಮ್ಮಿ. ಅದ್ರಲ್ಲಿ ಅರ್ಧ ನಾನ್ ಮಾಡಿದ್ ಬ್ಯಾರೆ ತಪ್ಪಿಗೆ ವಜಾ ಮಾಡ್ಕೊಂಡಿವ್ನಿ."

ಅಧಿಕಾರಿಣಿ ನಮ್ಮ ಟಿಕೆಟ್, ಹೋಟೆಲ್ ಚೀಟಿ ಎಲ್ಲವನ್ನೂ ನೋಡಿದಳು. ಒಳಗೆ ಹೋಗಿ ಯಾರ ಹತ್ತಿರವೋ ಮಾತಾಡಿ, ಎರಡು ಪಾಸ್‌ಪೋರ್ಟಿಗೂ ಮೊಹರು ಹಾಕಿಸಿಕೊಂಡು ಬಂದಳು.

ಹೊರಗೆ ಬಂದವಳೇ ನಾನು ಫೋನ್ ತೆಗೆದೆ.

"ಯಾರ್ಗೆ?"

"ಮೊದ್ಲು ಅಶೋಕಂಗೆ. ಆಮ್ಯಾಕೆ ಊರೋರ್ಗೆಲ್ಲ."

"ಬ್ಯಾಡ ಕಣಮ್ಮಿ! ಊರ್ಗೆ ಗೊತ್ತಾದ್ರೆ ಆಣೆ ಮುರ್ದಂಗಾಯ್ತದೆ. ನಿಂಗೇನಾರ ಆದ್ರೆ?"

"ಆದ್ರೆ ನಂಗ್ ತಾನೆ ಆಗೋದು? ಆಗ್ಲಿ. ಆಣೆ ನಿಂದು, ಬಾಯಿ ನಂದು," ಎಂದು ನಂಬರ್ ಒತ್ತಿದೆ.